ಏಳು ತಿಂಗಳ ಕೂಸಿನ ಚರಿತ್ರೆ

ಡೊಂಬಿವಲಿಯ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳದಿ ಫೈಲಿದೆ. ಅದರ ಮೊದಲ ಪುಟದಲ್ಲಿ 2012ರ ಜುಲೈ ತಿಂಗಳ ಒಂದು ತಾರೀಖು, 28 ವಾರ, 1,080 ಗ್ರಾಂ ಎಂಬ ಅಂಕಿಗಳು, ಅವುಗಳ ಕೆಳಗೆ ಮಿದುಳಿನಲ್ಲಿ ರಕ್ತಸ್ರಾವ, ಗ್ರೇಡ್ 3 ಎಂದು ಬರೆದಿದೆ. ಅದು ನನ್ನ ಮಗನ ಡಿಸ್ಚಾರ್ಜ್ ಕಾರ್ಡು.

ಮಗು ಹುಟ್ಟಿದ ಸುದ್ದಿ ತಿಳಿದು ಕುಂದಾಪುರದಿಂದ ಅಮ್ಮಮ್ಮ ಫೋನ್ ಮಾಡಿದ್ದರು. "ಹೆದ್ರಬೇಡ ಮಗಾ, ಏಳಕ್ಕೆ ಹುಟ್ಟಿದ್ದ್ ಉಳಿತ್ತ್. ಎಂಟಕ್ಕೆ ಹುಟ್ಟಿದ್ದೇ ಉಳಿತಿಲ್ಲೆ" ಎಂದರು. ಇದು ನಮ್ಮೂರಿನ ಅಜ್ಜಿಯರ ಮಾತು ಮಾತ್ರ ಎಂದುಕೊಂಡಿದ್ದೆ. ಆಮೇಲೆ ಓದುವಾಗ ಗೊತ್ತಾಯಿತು, ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಸಿನಲ್ಲಿ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಬಂದ ವೈದ್ಯಗ್ರಂಥಗಳಲ್ಲೂ ಇದೇ ನಂಬಿಕೆಯಿದೆ. ಲೆಕ್ಕ ತಪ್ಪು. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿಗೆ ಲಾಭವೇ. ಆದರೆ ಆ ರಾತ್ರಿ ನನಗೆ ಸಿಕ್ಕ ಒಂದೇ ಧೈರ್ಯ ಅಮ್ಮಮ್ಮನ ತಪ್ಪು ಲೆಕ್ಕದ್ದು.

ಉಳಿಯುತ್ತದೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಉಳಿದ ಮೇಲೆ ಹೇಗೆ ಬೆಳೆಯುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ಜಗತ್ತು ಬಹಳ ತಡವಾಗಿ ಕೇಳಿಕೊಂಡಿತು. ನಾನೂ ತಡವಾಗಿಯೇ ಕೇಳಿಕೊಂಡೆ. ಆ ತಡದ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಲಂಡನ್ನಿನಲ್ಲಿ ವಿಲಿಯಂ ಜಾನ್ ಲಿಟಲ್ ಎಂಬ ಮೂಳೆ ವೈದ್ಯನಿದ್ದ. ಬಾಲ್ಯದ ಕಾಯಿಲೆಯಿಂದ ಅವನ ಪಾದವೂ ಸೊಟ್ಟಗಾಗಿತ್ತು. ಕಾಲು ಬಿಗಿದುಕೊಂಡು, ತುದಿಗಾಲಲ್ಲಿ ನಡೆಯುವ ಮಕ್ಕಳು ಅವನ ಬಳಿ ಬರುತ್ತಿದ್ದರು. ಅವನು ತಾಯಂದಿರನ್ನು ಒಂದು ಪ್ರಶ್ನೆ ಕೇಳುತ್ತ ಹೋದ: ಈ ಮಗು ಹುಟ್ಟಿದ್ದು ಹೇಗೆ? ಅನೇಕರದು ಕಷ್ಟದ ಹೆರಿಗೆ, ಅನೇಕರದು ದಿನ ತುಂಬದ ಹೆರಿಗೆ. 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಅವನು ಇದನ್ನು ಮಂಡಿಸಿದ. ಮುಂದೆ ಬಹಳ ಕಾಲ ಆ ಸ್ಥಿತಿಗೆ 'ಲಿಟಲ್ ಕಾಯಿಲೆ' ಎಂದೇ ಹೆಸರಾಯಿತು. ಇಂದು ಅದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತೇವೆ. ಮನಶ್ಶಾಸ್ತ್ರಕ್ಕೆ ಹೊರಳುವ ಮೊದಲು ನರವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಇದೇ ವಿಷಯದ ಮೇಲೆ ದೊಡ್ಡ ಗ್ರಂಥ ಬರೆದ. ಕಷ್ಟದ ಹೆರಿಗೆಯೇ ಎಲ್ಲಕ್ಕೂ ಕಾರಣ ಎನ್ನಬೇಡಿ, ಗರ್ಭದಲ್ಲೇ ಏನೋ ಆಗಿದ್ದು ಹೆರಿಗೆ ಕಷ್ಟವಾಗಿರಲೂಬಹುದು ಎಂಬುದು ಅವನ ಎಚ್ಚರಿಕೆ. ಇಬ್ಬರೂ ನೋಡಿದ್ದು ಬೆಳೆದ ಮಕ್ಕಳನ್ನು. ಹುಟ್ಟಿದ ವಾರದಲ್ಲಿ ತಲೆಯೊಳಗೆ ಏನು ನಡೆಯಿತು ಎಂದು ನೋಡುವ ದಾರಿ ಅವರಿಗಿರಲಿಲ್ಲ.

ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಪ್ರಸೂತಿ ವೈದ್ಯ ಸ್ಟೆಫಾನ್ ಟಾರ್ನಿಯೆ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಕಂಡು, ಹಾಗೆಯೇ ಮಕ್ಕಳಿಗೊಂದು ಪೆಟ್ಟಿಗೆ ಮಾಡಿಸಿದ. 1880ರ ಸುಮಾರಿಗೆ ಅದು ಅಲ್ಲಿನ ಹೆರಿಗೆ ಆಸ್ಪತ್ರೆಗೆ ಬಂತು. ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಸಾವು ಶೇ. 66ರಿಂದ ಶೇ. 38ಕ್ಕೆ ಇಳಿಯಿತು. ಅಮೆರಿಕದಲ್ಲಿ ಮಾರ್ಟಿನ್ ಕೌನಿ ಎಂಬಾತ ಕೋನಿ ಐಲೆಂಡಿನ ಜಾತ್ರೆಯಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಜೀವಂತ ಶಿಶುಗಳನ್ನಿಟ್ಟು, ಜನರಿಗೆ ಟಿಕೆಟ್ ಮಾರಿ, ಆ ದುಡ್ಡಿನಲ್ಲಿ ಮಕ್ಕಳನ್ನು ಸಾಕಿದ. ಹೆತ್ತವರಿಂದ ಒಂದು ಕಾಸೂ ಕೇಳಲಿಲ್ಲ. 1903ರಿಂದ 1943ರವರೆಗೆ ಬೇಸಿಗೆ ಬೇಸಿಗೆಗೂ ಇದು ನಡೆಯಿತು. ಆಗೆಲ್ಲ ಲೆಕ್ಕವೆಂದರೆ ಉಳಿದವರೆಷ್ಟು ಎಂಬುದೇ.

ಬೆಚ್ಚಗಿಟ್ಟರೂ ಉಸಿರು ನಿಲ್ಲುವ ಮಕ್ಕಳಿಗೆ ಉತ್ತರವಿರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಐದೂವರೆ ವಾರ ಮೊದಲೇ ಒಂದು ಗಂಡುಮಗು ಹುಟ್ಟಿತು. ತೂಕ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಶ್ವಾಸಕೋಶ ಬಲಿತಿರಲಿಲ್ಲ. ಎರಡೇ ದಿನದಲ್ಲಿ ತೀರಿಕೊಂಡಿತು. ಜಗತ್ತಿನ ಅತಿ ಬಲಶಾಲಿ ಮನುಷ್ಯನ ಮಗುವಿಗೂ ಉಸಿರು ಕೊಡಲಾಗಲಿಲ್ಲ ಎಂಬುದು ಎಲ್ಲರಿಗೂ ನಾಟಿತು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ಗ್ರೆಗರಿ, ಗಾಳಿಯನ್ನು ಮೃದುವಾದ ಒತ್ತಡದಲ್ಲಿ ಕೊಟ್ಟು ಶ್ವಾಸಕೋಶ ಮುಚ್ಚಿಹೋಗದಂತೆ ಮಾಡುವ ವಿಧಾನ ತಂದರು. ಸಿಪ್ಯಾಪ್ ಎಂದು ಎನ್‌ಐಸಿಯು ಹೊರಗೆ ಕೂತ ತಂದೆ ತಾಯಂದಿರಿಗೆಲ್ಲ ಬಾಯಿಪಾಠವಾಗುವ ಹೆಸರು ಅದು. 1980ರಲ್ಲಿ ಜಪಾನಿನ ಫುಜಿವಾರ, ಶ್ವಾಸಕೋಶದೊಳಗೆ ಹಾಕುವ ಸರ್ಫ್ಯಾಕ್ಟಂಟ್ ಔಷಧಿಯ ಫಲ ತೋರಿಸಿದರು. ಒಂದು ಕಿಲೋ ತೂಕದ ಮಕ್ಕಳೂ ಮನೆಗೆ ಹೋಗತೊಡಗಿದವು.

ಎರಡನೆಯ ಪ್ರಶ್ನೆ ಎದ್ದದ್ದು ಆಗಲೇ. ಅದುವರೆಗೆ ಮಿದುಳಿನ ರಕ್ತಸ್ರಾವ ಗೊತ್ತಾಗುತ್ತಿದ್ದುದು ಬಹುಮಟ್ಟಿಗೆ ಸತ್ತ ಮಕ್ಕಳ ಶವಪರೀಕ್ಷೆಯಲ್ಲಿ. ಆದ್ದರಿಂದ ರಕ್ತಸ್ರಾವವೆಂದರೆ ಸಾವು ಎಂದೇ ಎಲ್ಲರ ತಿಳುವಳಿಕೆ. 1971ರಲ್ಲಿ ಸಿ.ಟಿ. ಸ್ಕ್ಯಾನ್ ಬಂತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲು-ಆನ್ ಪಪೈಲ್ ಎಂಬ ವೈದ್ಯೆ ಮತ್ತು ಜೊತೆಗಾರರು ಒಂದೂವರೆ ಕಿಲೋಗಿಂತ ಕಡಿಮೆ ತೂಕದ 46 ಮಕ್ಕಳನ್ನು ಸಾಲಾಗಿ ಸ್ಕ್ಯಾನ್ ಮಾಡಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. 20 ಮಕ್ಕಳಲ್ಲಿ ರಕ್ತಸ್ರಾವವಿತ್ತು. ಬದುಕುಳಿದ 29 ಮಕ್ಕಳಲ್ಲೂ 9 ಮಕ್ಕಳಿಗೆ ಅದಾಗಿತ್ತು. ಆ 9ರಲ್ಲಿ 7 ಮಕ್ಕಳಿಗೆ ಹೊರಗಿನಿಂದ ಯಾವ ಲಕ್ಷಣವೂ ಇರಲಿಲ್ಲ. ಅಂದರೆ ತಲೆಯೊಳಗೆ ರಕ್ತ ಒಸರಿದ ಮಕ್ಕಳು ಯಾರಿಗೂ ತಿಳಿಯದೆ ಮನೆಗೆ ಹೋಗುತ್ತಿದ್ದವು. ನನ್ನ ಮಗನ ಫೈಲಿನಲ್ಲಿರುವ 'ಗ್ರೇಡ್' ಎಂಬ ಮಾತು ಹುಟ್ಟಿದ್ದು ಆ ಲೇಖನದಲ್ಲಿ.

ಮರುವರ್ಷ, 1979ರಲ್ಲಿ, ಲಂಡನ್ನಿನ ವೈದ್ಯರು ಅಲ್ಟ್ರಾಸೌಂಡಿನಿಂದಲೇ ಇದನ್ನು ಕಾಣಬಹುದು ಎಂದು ತೋರಿಸಿದರು. ಹಸುಗೂಸಿನ ನೆತ್ತಿಯಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲವಲ್ಲ, ಬಾಣಂತನದಲ್ಲಿ ಅಜ್ಜಿಯರು ಹರಳೆಣ್ಣೆ ಇಡುವ ಆ ಮೆತ್ತನೆಯ ಜಾಗ, ಅದರ ಮೂಲಕವೇ ಶಬ್ದದ ಅಲೆ ಒಳಗೆ ಹೋಗಿ ಚಿತ್ರ ತರುತ್ತದೆ. ವಿಕಿರಣವಿಲ್ಲ. ಮಗುವನ್ನು ಪೆಟ್ಟಿಗೆಯಿಂದ ಹೊರಗೆ ಒಯ್ಯಬೇಕಿಲ್ಲ. ನನ್ನ ಮಗನಿಗೂ ಮೂರನೆಯ ದಿನ ಹಾಗೆಯೇ ನೋಡಿದರು. ನಾನು ಗಾಜಿನಾಚೆ ನಿಂತು, ಅವರು ನೆತ್ತಿಯ ಮೇಲೆ ಹಚ್ಚುವ ಜೆಲ್ ಕಂಡು ಅಮ್ಮಮ್ಮನ ಎಣ್ಣೆ ನೆನೆದೆ.

ಒಳಗೆ ಆಗುವುದೇನು? ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಅವುಗಳ ಗೋಡೆಗೆ ಒತ್ತಿಕೊಂಡು, ಮಿದುಳಿನ ಹೊಸ ಜೀವಕೋಶಗಳು ಹುಟ್ಟುವ ಒಂದು ತಾಣವಿರುತ್ತದೆ. ಅಲ್ಲಿನ ರಕ್ತನಾಳಗಳು ಬಹಳ ತೆಳು. ಗರ್ಭದ ಎಂಟು ತಿಂಗಳ ಹೊತ್ತಿಗೆ ಆ ತಾಣ ತಾನಾಗಿ ಕರಗಿಹೋಗುತ್ತದೆ. ಅದು ಕರಗುವ ಮೊದಲೇ ಮಗು ಹೊರಬಂದರೆ, ಉಸಿರು ಮತ್ತು ರಕ್ತದೊತ್ತಡದ ಏರಿಳಿತಕ್ಕೆ ಆ ನಾಳಗಳು ಒಡೆಯುತ್ತವೆ. ಹೆಚ್ಚಿನ ರಕ್ತಸ್ರಾವ ಮೊದಲ ಮೂರು ದಿನಗಳಲ್ಲೇ ಆಗುತ್ತದೆ. ರಕ್ತ ಅಲ್ಲೇ ನಿಂತರೆ ಒಂದನೆಯ ಗ್ರೇಡ್, ಕೋಣೆಯೊಳಗೆ ಸ್ವಲ್ಪ ಇಳಿದರೆ ಎರಡು, ಕೋಣೆ ಉಬ್ಬುವಷ್ಟು ತುಂಬಿದರೆ ಮೂರು. ಪಕ್ಕದ ಮಿದುಳಿಗೂ ಹಾನಿಯಾದರೆ ನಾಲ್ಕು. ನಾಲ್ಕನೆಯದು ರಕ್ತ ಹರಡಿದ್ದರಿಂದಲ್ಲ, ರಕ್ತ ಹೊರಹೋಗುವ ಅಭಿಧಮನಿ ಕಟ್ಟಿಕೊಂಡು ಆಗುವ ಹಾನಿ ಎಂದು ಮುಂದೆ ಜೋಸೆಫ್ ವೋಲ್ಪ್ ಮೊದಲಾದವರು ವಿವರಿಸಿದರು.

ನಾನು ಆ ಮೂರನ್ನು ಪರೀಕ್ಷೆಯ ಅಂಕದ ಹಾಗೆ ಓದಿಕೊಂಡೆ. ಅದು ಅಂಕವಲ್ಲ. ಒಂದು, ಎರಡನೆಯ ಗ್ರೇಡಿನ ಬಹುಪಾಲು ಮಕ್ಕಳು ಅಷ್ಟೇ ವಾರಕ್ಕೆ ಹುಟ್ಟಿದ ಉಳಿದ ಮಕ್ಕಳಂತೆಯೇ ಬೆಳೆಯುತ್ತಾರೆ. ಮೂರು, ನಾಲ್ಕರಲ್ಲಿ ತಲೆಯಲ್ಲಿ ನೀರು ತುಂಬುವ, ಕೈಕಾಲು ಬಿಗಿಯುವ, ಕಲಿಕೆ ನಿಧಾನವಾಗುವ ಸಾಧ್ಯತೆ ಹೆಚ್ಚು. ಆದರೂ ಆ ಗುಂಪಿನಲ್ಲೇ ನಡೆದು ಓಡಿ ಶಾಲೆ ಕಲಿತವರಿದ್ದಾರೆ. ರಕ್ತಸ್ರಾವ ಒಂದೇ ಬದಿಯೋ ಎರಡೂ ಬದಿಯೋ, ಸುತ್ತಲಿನ ಬಿಳಿ ಭಾಗಕ್ಕೆ ಪೆಟ್ಟಾಗಿದೆಯೋ, ಸೋಂಕು ತಗುಲಿತೋ, ಹಾಲು ಸಿಕ್ಕಿತೋ, ಮನೆಯಲ್ಲಿ ಯಾರು ಮಾತಾಡಿಸಿದರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗ್ರೇಡ್ ಹೇಳುವುದು ಯಾವ ಮಗುವಿನ ಮೇಲೆ ಹೆಚ್ಚು ಕಾಲ ಕಣ್ಣಿಡಬೇಕು ಎಂದು.

ತಡೆಯುವ ದಾರಿಯೂ ಇದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ, ಅವಧಿಗೆ ಮೊದಲೇ ನೋವು ಬಂದ 282 ತಾಯಂದಿರ ಮೇಲಿನ ಪ್ರಯೋಗದಲ್ಲಿ, ಹೆರಿಗೆಗೆ ಮೊದಲು ಕೊಡುವ ಅಗ್ಗದ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ ಎಂದು ತೋರಿಸಿದರು. ಮಿದುಳಿನ ರಕ್ತಸ್ರಾವವೂ ಅದರಿಂದ ಕಡಿಮೆಯಾಗುತ್ತದೆ ಎಂದು ಮುಂದಿನ ಅಧ್ಯಯನಗಳಲ್ಲಿ ಖಚಿತವಾಯಿತು. ಆದರೆ ಎಲ್ಲರೂ ಕೊಡಿ ಎಂದು ಅಮೆರಿಕದ ತಜ್ಞರ ಸಭೆ ಹೇಳಿದ್ದು 1994ರಲ್ಲಿ. ನಮ್ಮ ದೇಶದಲ್ಲಿ ಎಎನ್‌ಎಂ ದಾದಿಯರೂ ಮೊದಲ ಡೋಸ್ ಕೊಡಬಹುದೆಂದು ಕೇಂದ್ರ ಸರ್ಕಾರ ಮಾರ್ಗಸೂಚಿ ತಂದದ್ದು 2014ರಲ್ಲಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮುಖ್ಯ. ಮಗು ಹುಟ್ಟಿದ ಮೇಲೆ ಆಂಬ್ಯುಲೆನ್ಸಿನಲ್ಲಿ ಸಾಗಿಸಿದ ಮಕ್ಕಳಲ್ಲಿ ರಕ್ತಸ್ರಾವ ಹೆಚ್ಚು ಕಾಣುತ್ತದೆ. ಗರ್ಭದಲ್ಲಿರುವಾಗಲೇ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಸೇರಿಸುವುದು ಮೇಲು. ನಮಗೆ ಅದು ತಿಳಿದಿರಲಿಲ್ಲ, ಸಮಯವೂ ಇರಲಿಲ್ಲ. ಆ ಜುಲೈ ರಾತ್ರಿ ಕಲ್ಯಾಣ್-ಶೀಲ್ ರಸ್ತೆಯ ಹೊಂಡಗಳಲ್ಲಿ, ಸುರಿಯುವ ಮಳೆಯಲ್ಲಿ, ಆಂಬ್ಯುಲೆನ್ಸ್ ನವಿ ಮುಂಬೈ ತಲುಪುವಷ್ಟು ಹೊತ್ತು ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಪ್ರತಿ ಕುಲುಕಾಟವೂ ಇಂದಿಗೂ ನೆನಪಿದೆ.

ಈ ಚರಿತ್ರೆಯಲ್ಲಿ ಮುಂಬಯಿಗೆ ದೊಡ್ಡ ಪಾಲಿದೆ, ಅದರಲ್ಲಿ ಕನ್ನಡ ನೆಲದ ಒಂದು ಎಳೆಯೂ ಇದೆ. ಧಾರವಾಡದ ಡಾ. ಅರ್ಮಿಡಾ ಫೆರ್ನಾಂಡಿಸ್ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ಓದಿ ಮುಂಬಯಿಗೆ ಬಂದವರು. ಸಾಯನ್ ಆಸ್ಪತ್ರೆಯ ಶಿಶು ವಿಭಾಗದಲ್ಲಿ ಸೋಂಕಿನಿಂದ ಸಾಯುತ್ತಿದ್ದ ಪುಟ್ಟ ಮಕ್ಕಳಿಗೆ ಡಬ್ಬಿ ಹಾಲಿನ ಬದಲು ತಾಯಿ ಹಾಲನ್ನೇ ಕೊಡಬೇಕೆಂದು ಹಟ ಹಿಡಿದರು. 1989ರಲ್ಲಿ ಅಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆಯಿತು. ಮುಂದೆ ಅದೇ ಆಸ್ಪತ್ರೆಯ ಡೀನ್ ಆದರು. 1999ರಲ್ಲಿ ಧಾರಾವಿಯ ತಾಯಿ ಮಕ್ಕಳಿಗಾಗಿ 'ಸ್ನೇಹಾ' ಸಂಸ್ಥೆ ಕಟ್ಟಿದರು. ಕಲ್ಯಾಣ್, ಡೊಂಬಿವಲಿ, ಥಾಣೆಯಿಂದ ಸೆಂಟ್ರಲ್ ಲೈನ್ ಹಿಡಿದು ಸಾಯನ್ನಿಗೆ ಬಂದಿಳಿದ ಎಷ್ಟು ತಾಯಂದಿರ ಮಕ್ಕಳು ಆ ಹಾಲು ಕುಡಿದು ಉಳಿದಿರಬಹುದು!

ಉಳಿದ ಮಕ್ಕಳ ಬಾಳಿನ ಬಗ್ಗೆ ಮುಂಬಯಿಯಲ್ಲಿ ಯೋಚಿಸಿದವರು ಬೇರೆ. 1966ರಲ್ಲಿ ಹುಟ್ಟಿದ ಮಾಲಿನಿ ಚಿಬ್‌ಗೆ ಸೆರೆಬ್ರಲ್ ಪಾಲ್ಸಿ ಇತ್ತು. ಅವರದು ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಆದದ್ದು, ಕಾರಣ ಬೇರೆ. ಆದರೆ ಅವರ ತಾಯಿ ಮಿಥು ಅಲೂರ್ 1972ರಲ್ಲಿ ಕಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ, ಇಂಥ ಮಕ್ಕಳಿಗೂ ಚಿಕಿತ್ಸೆಯ ಜೊತೆ ಪಾಠವೂ ಬೇಕು ಎಂದು ದೇಶಕ್ಕೆ ಕಲಿಸಿತು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಬಂತು. ಮಾಲಿನಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ತಮ್ಮ ಆತ್ಮಕಥೆ ಬರೆದರು.

ಬಹಳ ವರ್ಷ ಹಿಂಬಾಲಿಸಿ ನೋಡಿದ ಕೆಲಸ ನಡೆದದ್ದು ನಮ್ಮ ಘಟ್ಟದಾಚೆಯ ಪುಣೆಯಲ್ಲಿ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಸುಧಾ ಚೌಧರಿ ಮತ್ತು ತಂಡ 1987ರಿಂದ 1989ರವರೆಗೆ ಹುಟ್ಟಿದ, ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳನ್ನು 18 ವರ್ಷದವರೆಗೂ ಕರೆಸಿ ಕರೆಸಿ ನೋಡಿತು. ಊರು ಬದಲಿಸುವ, ಮನೆ ಬದಲಿಸುವ ಕುಟುಂಬಗಳನ್ನು ಹಾಗೆ ಹಿಡಿದಿಡುವುದು ಸಣ್ಣ ಕೆಲಸವಲ್ಲ. 12ನೇ ವಯಸ್ಸಿನಲ್ಲಿ ಆ ಮಕ್ಕಳ ಬುದ್ಧಿಮತ್ತೆ ಸರಾಸರಿಯಲ್ಲಿ ಸಾಮಾನ್ಯ ಮಿತಿಯೊಳಗೇ ಇತ್ತು, ಆದರೆ ಸಮವಯಸ್ಕರಿಗಿಂತ ಕೆಳಗಿತ್ತು. ಕಣ್ಣು ಮತ್ತು ಕೈಯ ಹೊಂದಾಣಿಕೆ, ಓದು, ಗಣಿತ, ಇವುಗಳಲ್ಲಿ ತೊಡಕು ಕಂಡಿತು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ 'ಎಪಿಕ್ಯೂರ್' ಅಧ್ಯಯನದಲ್ಲಿ, ಎರಡೂವರೆ ವರ್ಷದ ಹೊತ್ತಿಗೆ ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಒಂದಲ್ಲ ಒಂದು ನ್ಯೂನತೆಯಿತ್ತು. ಉಳಿದರ್ಧಕ್ಕೆ ಇರಲಿಲ್ಲ. ಆ ಮಕ್ಕಳನ್ನೂ ಶಾಲೆಯವರೆಗೆ, ಯೌವನದವರೆಗೆ ನೋಡಿದರು. ಎರಡು ವರ್ಷಕ್ಕೆ ಕಾಣದ ತೊಡಕು ಎಂಟು ವರ್ಷಕ್ಕೆ ಕಾಣಬಹುದು ಎಂಬ ಪಾಠ ಬಂದದ್ದು ಇಂಥ ದೀರ್ಘ ತಾಳ್ಮೆಯಿಂದ.

ನಾನು ಆ ತಾಳ್ಮೆ ತೋರಲಿಲ್ಲ. ಮಗನ ತಲೆಯ ಸುತ್ತಳತೆಯನ್ನು ವಾರವಾರ ಟೇಪಿನಲ್ಲಿ ಅಳೆದರು, ನೀರು ತಾನಾಗಿ ಇಳಿಯಿತು, ಷಂಟ್ ಹಾಕುವ ಪ್ರಮೇಯ ಬರಲಿಲ್ಲ. ಎಡಗಾಲು ಬಿಗಿಯಿತ್ತು. ವಾರಕ್ಕೆರಡು ದಿನ ಫಿಸಿಯೋಥೆರಪಿಗಾಗಿ ಇವಳು ಅವನನ್ನೆತ್ತಿಕೊಂಡು ಡೊಂಬಿವಲಿಯಿಂದ ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗುತ್ತಿದ್ದಳು. ನನ್ನ ಆಫೀಸು ಐರೋಲಿಯಲ್ಲಿ. ಆಗಾಗ ಅರ್ಧ ದಿನ ರಜೆ ಹಾಕುತ್ತಿದ್ದೆ. 22ನೇ ತಿಂಗಳಲ್ಲಿ ಅವನು ನಡೆದ. ಬಿಲ್ಡಿಂಗಿಗೆಲ್ಲ ಪೇಡಾ ಹಂಚಿದೆವು. ಇನ್ನು ವರ್ಷಕ್ಕೊಮ್ಮೆಯಾದರೂ ಬನ್ನಿ ಎಂದು ಡಾಕ್ಟರು ಹೇಳಿದ್ದರು. ನಡೆಯುತ್ತಾನಲ್ಲ, ಇನ್ನೇನು ಎಂದು ನಾವು ಹೋಗಲಿಲ್ಲ. ಫೈಲು ಕಪಾಟು ಸೇರಿತು.

ಅವನು ಮೂರನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಚೀಟಿಗಳು ಬರತೊಡಗಿದವು. ಗಮನವಿಲ್ಲ, ಬರವಣಿಗೆ ನಿಧಾನ, ಸೋಮಾರಿ. ಬಾಯಲ್ಲಿ ಕೇಳಿದರೆ ಮಗ್ಗಿ ಹೇಳುತ್ತಿದ್ದ. ಕಾಗದದ ಮೇಲೆ ಕಳೆಯುವ ಲೆಕ್ಕ ಬರೆದರೆ ಹತ್ತರ ಸ್ಥಾನ ಬಿಡಿಯ ಕೆಳಗೆ ಬರುತ್ತಿತ್ತು. ಒಂದು ರಾತ್ರಿ ಒಂದೇ ಲೆಕ್ಕವನ್ನು ಆರನೇ ಸಲ ತಪ್ಪಿದಾಗ ನಾನು ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ. "ನಾನು ಸರಿಯಾಗೇ ಬರೀತಾ ಇದ್ದೇನಲ್ಲ ಅಪ್ಪ?" ಎಂದ.

ತಿಂಗಳ ನಂತರ ಪರೀಕ್ಷೆ ಮಾಡಿದ ತಜ್ಞರು ಮೊದಲು ಕೇಳಿದ್ದು ಹುಟ್ಟಿದಾಗಿನ ಕಾಗದಗಳನ್ನು. ಹಳದಿ ಫೈಲು ಕೊಟ್ಟೆ. ಅವರು ಮೊದಲ ಪುಟ ನೋಡಿ, ಇದು ಸೋಮಾರಿತನವಲ್ಲ, ಕಣ್ಣು ಕಂಡದ್ದನ್ನು ಕಾಗದದ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಕೆಲಸ ಇವನಿಗೆ ಕಷ್ಟ ಎಂದರು. ಪುಣೆಯ ಮಕ್ಕಳಲ್ಲಿ ಕಂಡದ್ದೇ ನಮ್ಮ ಮನೆಯಲ್ಲೂ ಕಂಡಿತ್ತು. ಚೌಕುಳಿ ಪುಸ್ತಕ, ಹೆಚ್ಚಿನ ಸಮಯ, ಬಾಯಿಮಾತಿನ ಉತ್ತರ, ಇಷ್ಟು ಸಿಕ್ಕ ಮೇಲೆ ಅವನು ದಡ ಹತ್ತಿದ. ಕಲಿಕೆಯ ತೊಡಕಿರುವ ಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರ 1990ರ ದಶಕದಲ್ಲೇ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 7 ಬಗೆಯ ನ್ಯೂನತೆಗಳ ಪಟ್ಟಿಯನ್ನು 21ಕ್ಕೆ ಏರಿಸಿತು, ಕಲಿಕೆಯ ನ್ಯೂನತೆಯೂ ಅದರಲ್ಲಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ, ಬೆಳವಣಿಗೆಯ ವಿಳಂಬವನ್ನು ಬೇಗ ಗುರುತಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇಡೀ ದೇಶಕ್ಕೆ ಉದ್ಘಾಟನೆಯಾದದ್ದು 2013ರ ಫೆಬ್ರವರಿ 6ರಂದು, ಆಗಿನ್ನೂ ನಮ್ಮ ಥಾಣೆ ಜಿಲ್ಲೆಯಲ್ಲೇ ಇದ್ದ ಪಾಲ್ಘರ್‌ನಲ್ಲಿ. ಮಗನಿಗೆ ಆಗ ಏಳು ತಿಂಗಳು. ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಯೋಜನೆ ನಮಗೆ ಗೊತ್ತಾದದ್ದು ಎಂಟು ವರ್ಷ ಕಳೆದು.

ಕೊನೆಯದಾಗಿ ಭಾಷೆಯ ಮಾತು. ಮಗನಿಗೆ ಎರಡು ವರ್ಷವಾದರೂ ಮಾತು ಸರಿಯಾಗಿ ಬರದಿದ್ದಾಗ, ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಆಡಿ ಎಂದು ಒಬ್ಬರು ಹೇಳಿದರು. ಹೊರಗೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಿದುಳಿಗೆ ಭಾರವಾದೀತು ಎಂದು ಹೆದರಿ ಆರು ತಿಂಗಳು ನಾವು ಅವನೊಡನೆ ಮುರುಕು ಇಂಗ್ಲಿಷ್ ಆಡಿದೆವು. ಮನೆ ಮೂಕವಾಯಿತು. ಮಾತು ತಡವಾದ ಮಕ್ಕಳಿಗೆ ಎರಡು ಭಾಷೆಯಿಂದ ಹೆಚ್ಚಿನ ಹಾನಿಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಹೆತ್ತವರು ತಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಹೆಚ್ಚು ಮಾತಾಡಿಸುವುದೇ ಮಗುವಿಗೆ ಒಳ್ಳೆಯದು. ಇದನ್ನು ಸ್ಪೀಚ್ ಥೆರಪಿಸ್ಟ್ ಒಬ್ಬರಿಂದ ಕೇಳಿದ ಸಂಜೆ ಇವಳು ಅಮ್ಮಮ್ಮನಿಗೆ ಫೋನ್ ಹಚ್ಚಿ ಮಗನ ಕಿವಿಗಿಟ್ಟಳು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಗೆಳೆಯರ ಮನೆಯಲ್ಲಾದರೂ, ಇಂಥ ಫೈಲಿದ್ದರೆ ಅದನ್ನು ಕಪಾಟಿಗೆ ಸೇರಿಸಬೇಡಿ. ಎರಡು ವರ್ಷದವರೆಗೆ ಬೆಳವಣಿಗೆಯನ್ನು ಹುಟ್ಟಬೇಕಿದ್ದ ದಿನದಿಂದ ಎಣಿಸಿ. ನಡೆದ ಮೇಲೂ ಹೋಗಿ, ಮಾತಾಡಿದ ಮೇಲೂ ಹೋಗಿ, ಶಾಲೆಗೆ ಸೇರುವ ಮುನ್ನ ಒಮ್ಮೆ, ಮೂರನೇ ತರಗತಿಯ ಹೊತ್ತಿಗೆ ಮತ್ತೊಮ್ಮೆ. ಶಾಲೆಯಿಂದ ಸೋಮಾರಿ ಎಂಬ ಚೀಟಿ ಬಂದರೆ ಮೊದಲು ಫೈಲಿನ ಮೊದಲ ಪುಟ ನೋಡಿ.

ಮಗ ಈಗ ಎಂಟನೇ ತರಗತಿ. ಎಡಗಾಲು ಇನ್ನೂ ಸ್ವಲ್ಪ ಎಳೆಯುತ್ತದೆ. ಲೋಕಲ್ ಟ್ರೇನಿನ ಸ್ಟೇಷನ್ನುಗಳನ್ನು ಕಲ್ಯಾಣದಿಂದ ಸಿಎಸ್‌ಎಂಟಿವರೆಗೆ ಹಿಂದೆ ಮುಂದೆ ಹೇಳುತ್ತಾನೆ. ಕಳೆದ ತಿಂಗಳು ಈ ಬರಹಕ್ಕಾಗಿ ನಾನು ಫೈಲು ತೆರೆದು ಕೂತಾಗ ಪಕ್ಕ ಬಂದು ಕೂತ. 1,080 ಗ್ರಾಂ ಎಂದರೆ ಎಷ್ಟು ಎಂದು ಕೇಳಿದ. ಅಡುಗೆಮನೆಯಿಂದ ಒಂದು ಕಿಲೋ ಸಕ್ಕರೆಯ ಪೊಟ್ಟಣ ತಂದು ಅವನ ಕೈಗಿಟ್ಟೆ. ಅವನು ಅದನ್ನು ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.